ಭಾರಲೋಹಗಳಿಂದ ಸಿಗಡಿಯ ದೇಹಕ್ಕಾಗುವ ಹಾನಿ

ಕುಮಟಾ, ಅಂಕೋಲಾ ಭಾಗದ ಗಜನಿ ಭೂಮಿಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಕೊಯ್ಲಿನ ನಂತರ ಸಿಗಡಿ ಬೆಳೆಯುವುದು ತಲೆತಲಾಂತರದ ಪದ್ಧತಿ. ಉಬ್ಬರದ ನೀರನ್ನು ತೂಬಿನ ಮೂಲಕ ಒಳಗೆ ಬಿಟ್ಟಾಗ ಅದರೊಡನೆ ಸಿಗಡಿ ಮರಿಗಳೂ ಬರುತ್ತವೆ. ಆದರೆ ಕಣ್ಣಿಗೆ ಕಾಣದ ತಾಮ್ರ, ಸತು, ಸೀಸ, ಕ್ಯಾಡ್ಮಿಯಂ ಮತ್ತು ಪಾದರಸಗಳೂ ಅದೇ ನೀರಿನಲ್ಲಿ ಬರಬಹುದು. ಇವುಗಳಿಗೆ ಭಾರಲೋಹಗಳೆಂದು ಹೆಸರು. ಇವು ಕೊಳೆತು ನಾಶವಾಗುವುದಿಲ್ಲ. ಕೆಸರಿನಲ್ಲಿ ನಿಂತು, ಕೆಸರನ್ನು ಕೆದಕಿ ತಿನ್ನುವ ಸಿಗಡಿಯ ದೇಹವನ್ನು ಸೇರುತ್ತವೆ.

ಬೇಕಾದದ್ದೂ ಹೆಚ್ಚಾದರೆ ವಿಷ

ನಮ್ಮ ರಕ್ತದಲ್ಲಿ ಪ್ರಾಣವಾಯುವನ್ನು ಹೊರುವುದು ಕಬ್ಬಿಣ. ಸಿಗಡಿಯ ರಕ್ತದಲ್ಲಿ ಈ ಕೆಲಸ ಮಾಡುವುದು ತಾಮ್ರವುಳ್ಳ ಹೀಮೋಸಯನಿನ್ ಎಂಬ ಪ್ರೋಟೀನು. ಆದ್ದರಿಂದ ಅಲ್ಪ ಪ್ರಮಾಣದ ತಾಮ್ರ ಸಿಗಡಿಗೆ ಅವಶ್ಯಕ. ಸತುವೂ ಹಾಗೆಯೇ. ಅವಶ್ಯಕತೆ ಮೀರಿದೊಡನೆ ಇವೇ ವಿಷವಾಗುತ್ತವೆ. ಸೀಸ, ಕ್ಯಾಡ್ಮಿಯಂ ಮತ್ತು ಪಾದರಸಗಳಿಂದಲಾದರೋ ಸಿಗಡಿಗೆ ಯಾವ ಉಪಯೋಗವೂ ಇಲ್ಲ.

ಕಿವಿರು, ಪೊರೆ ಮತ್ತು ಜೀರ್ಣಗ್ರಂಥಿ

ಮೊದಲ ಪೆಟ್ಟು ಬೀಳುವುದು ಕಿವಿರಿಗೆ. ಉಸಿರಾಟದ ಜೊತೆಗೆ ದೇಹದ ಉಪ್ಪಿನಂಶವನ್ನು ಹದದಲ್ಲಿಡುವ ಕೆಲಸವೂ ಕಿವಿರಿನದೇ. ಲೋಹಗಳು ಈ ಕೆಲಸದ ಕಿಣ್ವಗಳನ್ನು ತಡೆಯುತ್ತವೆ. ಕ್ಯಾಡ್ಮಿಯಂ ಹೆಚ್ಚಾದಾಗ ಕಿವಿರಿನ ಜೀವಕೋಶಗಳು ಸತ್ತು ಕಪ್ಪಾಗುವುದುಂಟು. ಆದರೆ ಕಿವಿರು ಕಪ್ಪಾದದ್ದೆಲ್ಲ ಲೋಹದಿಂದಲೇ ಎಂದು ಭಾವಿಸಬಾರದು. ಶಿಲೀಂಧ್ರ, ಕೆಸರು ಅಥವಾ ಸಿ ಜೀವಸತ್ವದ ಕೊರತೆಯಿಂದಲೂ ಹೀಗಾಗುತ್ತದೆ.

ಸಿಗಡಿ ಪೊರೆ ಕಳಚಿಯೇ ಬೆಳೆಯಬೇಕು. ಹೊಸ ಚಿಪ್ಪು ಗಟ್ಟಿಯಾಗಲು ಅದು ನೀರಿನಿಂದ ಸುಣ್ಣದಂಶವನ್ನು ಹೀರುತ್ತದೆ. ಕ್ಯಾಡ್ಮಿಯಂ ಸುಣ್ಣದಂಶದ ದಾರಿಯಲ್ಲೇ ಒಳಹೊಗುತ್ತದೆ. ಹೀಗಾಗಿ ಪೊರೆ ಕಳಚಿದ ಹೊಸದರಲ್ಲಿ ಅಪಾಯ ಹೆಚ್ಚು.

ಒಳಹೊಕ್ಕ ಲೋಹ ಬಹುಪಾಲು ತಲೆಭಾಗದ ಜೀರ್ಣಗ್ರಂಥಿಯಲ್ಲಿ ಶೇಖರವಾಗುತ್ತದೆ. ಅಲ್ಲಿ ಗಂಧಕವುಳ್ಳ ವಿಶೇಷ ಪ್ರೋಟೀನು ಅದನ್ನು ಕಟ್ಟಿಹಾಕುತ್ತದೆ. ಈ ಹೋರಾಟಕ್ಕೆ ಶಕ್ತಿ ವ್ಯಯವಾಗುವುದರಿಂದ ಬೆಳವಣಿಗೆ ಕುಗ್ಗುತ್ತದೆ, ರೋಗ ತಡೆಯುವ ಶಕ್ತಿಯೂ ತಗ್ಗುತ್ತದೆ. ಸಿಗಡಿ ಸಾಯದೆ ಇದ್ದರೂ ರೈತನಿಗೆ ತೂಕದಲ್ಲಿ ನಷ್ಟ.

ಅಪಾಯ ಹೆಚ್ಚುವ ಸಂದರ್ಭಗಳು

ದೊಡ್ಡ ಸಿಗಡಿಗಿಂತ ಮರಿಗಳು ಬಹಳ ಸೂಕ್ಷ್ಮ. ನೀರಿನ ಉಪ್ಪು ಕಡಿಮೆಯಾದಾಗ ಕ್ಯಾಡ್ಮಿಯಂನ ವಿಷ ಏರುತ್ತದೆ. ನೀರು ಹುಳಿಯಾದಾಗ ಕೆಸರಿನಲ್ಲಿದ್ದ ಲೋಹಗಳು ಕರಗಿ ಹೊರಬರುತ್ತವೆ. ಕಾಂಡ್ಲ ಬೆಳೆದಿದ್ದ ಕಡೆಯ ಗಂಧಕಯುಕ್ತ ಕಪ್ಪು ಮಣ್ಣನ್ನು ಅಗೆದು ಗಾಳಿಗೊಡ್ಡಿದರೆ ಅದು ಹುಳಿಯಾಗುತ್ತದೆ. ಮುಂದಿನ ಮಳೆಗೆ ಆ ಹುಳಿ ಹೊಂಡಕ್ಕೆ ಇಳಿಯುತ್ತದೆ.

ಮೇಲಿನ ತೋಟಗಳ ಪಾತ್ರ

ಅಡಿಕೆಯ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಅಗತ್ಯವೇ. ಆದರೆ ಮಿಕ್ಕ ದ್ರಾವಣವನ್ನು ಹಳ್ಳಕ್ಕೆ ಸುರಿಯುವುದು ತಪ್ಪು. 100 ಲೀಟರ್ ದ್ರಾವಣಕ್ಕೆ ಹಾಕುವ 1 ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿರುತ್ತದೆ. ಅಂದರೆ 10 ಲೀಟರಿನಲ್ಲಿ 25 ಗ್ರಾಂ. ಇದಿಷ್ಟೂ ಕರಗಿದರೆ 2.5 ಲಕ್ಷ ಲೀಟರ್ ನೀರಿನಲ್ಲಿ, ಎಂದರೆ ಒಂದು ಮೀಟರ್ ಆಳದ ಎರಡೂವರೆ ಗುಂಟೆ ಹೊಂಡದಲ್ಲಿ, ಲೀಟರಿಗೆ 0.1 ಮಿಲಿಗ್ರಾಂ ತಾಮ್ರವಾಗುತ್ತದೆ. ಬಹುಭಾಗ ಕರಗದೆ ಮಣ್ಣಿಗಂಟುವುದು ನಿಜ. ಆದರೂ ಕರಗಿದ ತಾಮ್ರ ಈ ಮಟ್ಟದಲ್ಲಿ ಎಳೆಯ ಮರಿಗಳಿಗೆ ಹಾನಿ ಮಾಡಬಲ್ಲದು.

ಅನುಸರಿಸಬೇಕಾದ ಕ್ರಮಗಳು

1. ಮಿಕ್ಕ ಬೋರ್ಡೋ ದ್ರಾವಣವನ್ನು, ಪಂಪು ತೊಳೆದ ನೀರನ್ನು ಹಳ್ಳ, ಕಾಲುವೆಗಳಿಗೆ ಬಿಡಬಾರದು. ಬೇಕಾದಷ್ಟನ್ನೇ ತಯಾರಿಸಬೇಕು.

2. ಪಾಚಿ ಕೊಲ್ಲಲೆಂದು ಸಿಗಡಿ ಹೊಂಡಕ್ಕೆ ಮೈಲುತುತ್ತ ಹಾಕಬಾರದು.

3. ಹಳೆಯ ಬ್ಯಾಟರಿ, ಬಣ್ಣದ ಡಬ್ಬಿಗಳನ್ನು ಹೊಂಡದ ದಂಡೆಯ ಮೇಲೆ ಎಸೆಯಬಾರದು. ಮರಿಗಳ ತೊಟ್ಟಿಗೆ ತಾಮ್ರ, ಹಿತ್ತಾಳೆ ಅಥವಾ ಸತು ಲೇಪಿಸಿದ ಕೊಳವೆಗಳ ಬದಲು ಪ್ಲಾಸ್ಟಿಕ್ ಕೊಳವೆ ಬಳಸಬೇಕು.

4. ಮಣ್ಣಿನ ರಸಸಾರ ಪರೀಕ್ಷಿಸಿ, ಫಲಿತಾಂಶಕ್ಕೆ ತಕ್ಕಂತೆ ಸುಣ್ಣ ಹಾಕಿ, ನೀರಿನ ರಸಸಾರವನ್ನು 7.5ರಿಂದ 8.5ರ ನಡುವೆ ಇರಿಸಬೇಕು.

5. ಅನುಮಾನ ಬಂದಲ್ಲಿ ನೀರಿನೊಡನೆ ಕೆಸರಿನ ಮಾದರಿಯನ್ನೂ ಪರೀಕ್ಷೆಗೆ ಕಳಿಸಬೇಕು. ಹೊಂಡದ ಹಲವು ಕಡೆಗಳಿಂದ ಮೇಲಿನ ಕೆಸರನ್ನು ಪ್ಲಾಸ್ಟಿಕ್ ಚಮಚದಿಂದ ತೆಗೆದು, ಶುಭ್ರ ಪ್ಲಾಸ್ಟಿಕ್ ಚೀಲದಲ್ಲಿ ತುಂಬಬೇಕು. ಲೋಹದ ಗುದ್ದಲಿ, ಡಬ್ಬಿ ಉಪಯೋಗಿಸಬಾರದು.

ಯೂರೋಪಿನ ಒಕ್ಕೂಟದ ಮಿತಿಯಂತೆ ಸಿಗಡಿಯ ಮಾಂಸದಲ್ಲಿ ಕ್ಯಾಡ್ಮಿಯಂ ಕಿಲೋಗೆ 0.5 ಮಿಲಿಗ್ರಾಂ ಮೀರಬಾರದು. ಮೀರಿದ ಸರಕು ತಿರಸ್ಕೃತವಾಗುತ್ತದೆ. ತಲೆ ತೆಗೆದರೆ ಲೋಹದ ಬಹುಭಾಗ ಹೋಗುವುದಾದರೂ, ತಿನ್ನುವವರ ಆರೋಗ್ಯಕ್ಕೆ ನೀರನ್ನು ಶುದ್ಧವಾಗಿಡುವುದೇ ಭದ್ರವಾದ ದಾರಿ. ಮೇಲಿನ ತೋಟದವರೂ ಕೆಳಗಿನ ಗಜನಿಯವರೂ ಒಂದೇ ಹೊಳೆಯ ನೀರನ್ನು ನಂಬಿದವರು. ವಿಸ್ತರಣಾ ಕಾರ್ಯಕರ್ತರು ಇಬ್ಬರನ್ನೂ ಒಂದೇ ಸಭೆಗೆ ಕರೆದು, ಸಿಂಪರಣೆಯ ಕಾಲಕ್ಕೆ ಮುಂಚೆಯೇ ಈ ವಿಷಯ ತಿಳಿಸುವುದು ಒಳಿತು.