ರಿಗ್ ಹೊತ್ತು ವಿಮಾನ ಹತ್ತುವವರಿಗೆ

ಹ್ಯಾಮ್ ರೇಡಿಯೊ ಸೆಟ್ಟು, ಅಂದರೆ ರಿಗ್, ಜತೆಗಿಟ್ಟುಕೊಂಡು ವಿಮಾನದಲ್ಲಿ ಓಡಾಡುವುದು ಅಂಥ ಕಷ್ಟವೇನಲ್ಲ. ಎಕ್ಸ್‌ರೇ ಪರದೆಯ ಮುಂದೆ ಕೂತವರಿಗೆ ನಮ್ಮ ಚೀಲ ಅರ್ಥವಾಗಬೇಕು, ಅಷ್ಟೇ. ಬೆಂಗಳೂರಿನಿಂದ ಹೋಗಿಬರುತ್ತ ನಾನು ಕಲಿತದ್ದು ಇದು.

1. ತೂಕದ ಲೆಕ್ಕವನ್ನು ರಿಗ್ ಆರಿಸುವಾಗಲೇ ಮಾಡಿ. ನಮ್ಮ ದೇಶೀಯ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ ಸಿಗುವುದು 7 ಕಿಲೋ. ಐಕಾಮ್ ಐಸಿ-7300 ಒಂದೇ 4 ಕಿಲೋ ದಾಟುತ್ತದೆ. ಅದಕ್ಕೆ 20 ಆಂಪಿಯರ್ ಕೊಡುವ ಪವರ್ ಸಪ್ಲೈ ಬೇರೆ ಹೊರಬೇಕು. ಐಸಿ-705 ಸುಮಾರು 1.1 ಕಿಲೋ, 10 ವ್ಯಾಟ್. "ಹತ್ತೇ ವ್ಯಾಟಾ?" ಎಂದು ಮೂಗು ಮುರಿಯುವವರಿದ್ದಾರೆ. ಹತ್ತಕ್ಕೂ ನೂರಕ್ಕೂ ಇರುವ ಅಂತರ 10 ಡೆಸಿಬೆಲ್. ಕೇಳುವವರ ಎಸ್-ಮೀಟರಿನಲ್ಲಿ ಎರಡು ಅಂಕಿಯಷ್ಟೂ ಇಲ್ಲ. ಅದಕ್ಕಾಗಿ ಬೆನ್ನು ಮುರಿದುಕೊಳ್ಳಲು ನಾನು ತಯಾರಿಲ್ಲ.

2. ಬ್ಯಾಟರಿಯ ವಿಷಯದಲ್ಲಿ ಚೌಕಾಸಿ ನಡೆಯದು. ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಚೆಕ್‌ಇನ್ ಲಗೇಜಿಗೆ ಹಾಕುವಂತಿಲ್ಲ. ಲಗೇಜಿನ ಅಂಕಣದಲ್ಲಿ ಹೊತ್ತಿಕೊಂಡರೆ ಯಾರ ಕೈಗೂ ಎಟುಕುವುದಿಲ್ಲ, ಕ್ಯಾಬಿನ್ನಿನಲ್ಲಾದರೆ ಸಿಬ್ಬಂದಿ ನಂದಿಸಬಲ್ಲರು. 100 ವ್ಯಾಟ್-ಅವರ್‌ವರೆಗೆ ತೊಂದರೆಯಿಲ್ಲ; ಅಲ್ಲಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದೂ ಎರಡಕ್ಕೆ ಮಾತ್ರ; ಅದರ ಮೇಲೆ ಇಲ್ಲ. ಲೆಕ್ಕ ಸುಲಭ: ವೋಲ್ಟ್ ಗುಣಿಸು ಆಂಪಿಯರ್-ಅವರ್. 12.8 ವೋಲ್ಟಿನ 6 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 76.8ಕ್ಕೆ ನಿಲ್ಲುತ್ತದೆ, ಹತ್ತು ವ್ಯಾಟಿನ ಸೆಟ್ಟಿಗೆ ಒಂದು ಸಂಜೆಗೆ ಧಾರಾಳ. ಸೋಲಾರ್ ದೀಪಕ್ಕೆಂದು ತಂದಿಟ್ಟ 20 ಆಂಪಿಯರ್-ಅವರ್‌ನದು 256. ಅದು ಮನೆಯಲ್ಲೇ ಇರಲಿ.

ಬ್ಯಾಟರಿಯ ಮೇಲೆ ವ್ಯಾಟ್-ಅವರ್ ಅಚ್ಚಾಗಿರಬೇಕು. ಅಳಿಸಿಹೋದ ಲೇಬಲ್ ತೋರಿಸುತ್ತ ಬಾಯಿಲೆಕ್ಕ ಒಪ್ಪಿಸಿದರೆ ಕೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ. ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಕೈಯಲ್ಲಿ ಹಿಡಿಯುವ ಹ್ಯಾಂಡಿ ಸೆಟ್ಟಿನ ಗುಂಡಿ ಚೀಲದೊಳಗೆ ತಾನಾಗಿ ತಿರುಗಿಬಿಡುವುದುಂಟು, ಆದ್ದರಿಂದ ಅದರ ಬ್ಯಾಟರಿ ಕಳಚಿಡುವುದೇ ಕ್ಷೇಮ.

3. ಬ್ಯಾಟರಿ, ಸುರುಳಿ ಸುತ್ತಿದ ತಂತಿ, ಹೆಸರಿಲ್ಲದ ಲೋಹದ ಡಬ್ಬಿ, ಈ ಮೂರನ್ನೂ ಒಂದರ ಮೇಲೊಂದು ಪೇರಿಸಿದರೆ ಪರದೆಯಲ್ಲಿ ಏನು ಕಾಣುತ್ತದೆಂದು ನಾನು ಬಿಡಿಸಿ ಹೇಳಬೇಕಿಲ್ಲ. ರಿಗ್ ಮತ್ತು ಬ್ಯಾಟರಿ ಲ್ಯಾಪ್‌ಟಾಪಿನ ಪಕ್ಕ ಟ್ರೇಯಲ್ಲಿ ಬರಲಿ. ಕೋಆಕ್ಸ್, ಆಂಟೆನಾ ತಂತಿ, ಸ್ಪ್ಯಾನರ್, ಸಾಲ್ಡರಿಂಗ್ ಐರನ್ ಎಲ್ಲ ಚೆಕ್‌ಇನ್ ಲಗೇಜಿಗೆ. ಕೈಯಾರೆ ಕಟ್ಟಿದ ಟ್ಯೂನರ್ ಇದ್ದರೆ ಪಾರದರ್ಶಕ ಡಬ್ಬಿಯಲ್ಲಿ ಕೂರಿಸಿ, ಮೇಲೆ ಏನೆಂದು ಬರೆದಂಟಿಸಿ.

4. "ಯೇ ಕ್ಯಾ ಹೈ?" ಎಂದು ಕೇಳಿಯೇ ಕೇಳುತ್ತಾರೆ. "ರೇಡಿಯೊ ಸೆಟ್, ಸರ್. ಇದು ಸರ್ಕಾರದ ಲೈಸೆನ್ಸ್." ಇಷ್ಟು ಸಾಕು. ಹವ್ಯಾಸದ ಹಿರಿಮೆ, ಅಯಾನುಗೋಳದ ಮಹಿಮೆ ಹಿಂದೆ ಸಾಲು ನಿಂತಿರುವಾಗ ಬೇಡ. ಆನ್ ಮಾಡಿ ತೋರಿಸಿ ಎಂದಾರು. ಒಳಗೆ ಸ್ವಲ್ಪ ಚಾರ್ಜ್ ಇರಲಿ.

5. ಆಂಟೆನಾ ಕಂಬಕ್ಕೆ ಫೈಬರ್‌ಗ್ಲಾಸಿನ ಗಾಳದ ಕೋಲು ಒಳ್ಳೆಯದು. ಮಡಚಿದರೆ ಸೂಟ್‌ಕೇಸಿನೊಳಗೆ ಕೂರುವಂಥದ್ದನ್ನೇ ಕೊಳ್ಳಿ. ಕಾರ್ಬನ್ ಫೈಬರಿನದು ಬೇಡ, ಅದರಲ್ಲಿ ವಿದ್ಯುತ್ ಹರಿಯುತ್ತದೆ. 40 ಮೀಟರ್ ಬ್ಯಾಂಡಿನ ಅರ್ಧ ಅಲೆಗೆ ಬೇಕಾಗುವುದು 20 ಮೀಟರ್ ತೆಳು ತಂತಿ. ತೆಂಗಿನಮರ ಇರುವ ಊರಾದರೆ ಕೋಲೂ ಬೇಡ.

6. ವಿದೇಶಕ್ಕೆ ಹೊರಟಾಗ ಕಸ್ಟಮ್ಸ್ ಮೇಜಿನಲ್ಲಿ ರಿಗ್‌ನ ಸೀರಿಯಲ್ ನಂಬರ್ ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ಮರಳುವಾಗ "ಅಲ್ಲಿ ಕೊಂಡದ್ದಲ್ಲ" ಎಂದು ಸಾಬೀತು ಮಾಡುವ ಪಾಡು ತಪ್ಪುತ್ತದೆ. ಲಗೇಜ್ ಕೌಂಟರಿಗೆ ಕೊಡುವ ಮುನ್ನವೇ ಇದು ಮುಗಿಯಬೇಕು, ಬೇಗ ಹೊರಡಿ.

7. ಸೆಟ್ ಒಯ್ಯುವುದು ಬೇರೆ, ಅದರಲ್ಲಿ ಮಾತಾಡುವುದು ಬೇರೆ. ಯುರೋಪಿನ ಸೆಪ್ಟ್ ಒಪ್ಪಂದದಲ್ಲಿ ಭಾರತ ಸೇರಿಲ್ಲವಾದ್ದರಿಂದ ನಮ್ಮ ವಿಯು ಲೈಸೆನ್ಸ್ ತೋರಿಸಿದ ಮಾತ್ರಕ್ಕೆ ಅಲ್ಲಿ ಕರೆ ಕೊಡಲಾಗದು. ಆಯಾ ದೇಶದ ಅತಿಥಿ ಪರವಾನಗಿಯನ್ನು ಮೊದಲೇ ಕೇಳಿ ಪಡೆಯಬೇಕು. ನಮ್ಮದೇ ಅಂಡಮಾನ್, ಲಕ್ಷದ್ವೀಪಗಳಿಗೂ ಪ್ರತ್ಯೇಕ ಅನುಮತಿ ಬೇಕು. ಹ್ಯಾಮ್ ಭಾರತಿ ಪ್ರಸಾದ್ ಹಾಗೆ ಅನುಮತಿ ಪಡೆದು 2004ರ ಡಿಸೆಂಬರಿನಲ್ಲಿ ಪೋರ್ಟ್ ಬ್ಲೇರ್‌ನಿಂದ ವಿಯು4ಆರ್‌ಬಿಐ ಎಂದು ಕರೆ ಕೊಡುತ್ತಿದ್ದರು. 26ರಂದು ಸುನಾಮಿ ಬಂತು. ಹವ್ಯಾಸಕ್ಕೆಂದು ಒಯ್ದಿದ್ದ ಸೆಟ್ಟುಗಳೇ ದ್ವೀಪದ ಸುದ್ದಿಯನ್ನು ಹೊರಗೆ ಮುಟ್ಟಿಸಿದವು. ಅನುಮತಿಯ ಅರ್ಜಿ ಬರೆಯಲು ಬೇಸರವಾದಾಗ ನನಗೆ ಇದು ನೆನಪಾಗುತ್ತದೆ.

8. ಅಮೆರಿಕದಿಂದ ಊರಿಗೆ ಬರುವ ನಮ್ಮವರಿಗೊಂದು ಮಾತು. ಬೆಟ್ಟ ಹತ್ತಿ ರೇಡಿಯೊ ಹಚ್ಚುವವರ ಚೀಲದಲ್ಲಿ ಗಾರ್ಮಿನ್ ಇನ್‌ರೀಚ್‌ನಂಥ ಉಪಗ್ರಹ ಸಾಧನ ಇದ್ದೇ ಇರುತ್ತದೆ. ಅಲ್ಲಿ ಅದು ಜೀವರಕ್ಷಕ. ಇಲ್ಲಿ ಅನುಮತಿಯಿಲ್ಲದೆ ತಂದರೆ ಕಾನೂನುಬಾಹಿರ. ಅದೊಂದೇ ಕಾರಣಕ್ಕೆ ನಮ್ಮ ವಿಮಾನ ನಿಲ್ದಾಣಗಳಲ್ಲಿ ಪೊಲೀಸರ ಕೈಗೆ ಸಿಕ್ಕ ವಿದೇಶಿಯರಿದ್ದಾರೆ. ಹೊರಡುವ ಹಿಂದಿನ ರಾತ್ರಿ ಚೀಲದ ಪಕ್ಕದ ಜೇಬುಗಳನ್ನೂ ಬಿಡದೆ ತಡಕಿ ನೋಡಿ.