ಟೈರಿಗೆ ನೈಟ್ರೋಜನ್: ದುಡ್ಡು ಕೊಟ್ಟು ಹಾಕಿಸಬೇಕಾ?

ಕಳೆದ ಬೇಸಿಗೆ ರಜೆಯಲ್ಲಿ ನ್ಯಾಮತಿಯ ನಮ್ಮ ಸೋದರಮಾವನ ಮನೆಯಿಂದ ಜಗಳೂರಿಗೆ ಒಂದು ಮದುವೆಗೆ ಹೊರಟಿದ್ದೆವು. ಕಾರಿನಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು. ಮುಂದಿನ ಎಡಗಡೆ ಟೈರು ಯಾಕೋ ಕೂತ ಹಾಗೆ ಕಾಣಿಸ್ತು. ಗೇಜ್ ಇಟ್ಟು ನೋಡಿದರೆ 24 ಪಿಎಸ್‌ಐ. ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿ ಬರೆದಿರೋದು 33. ಉಳಿದ ಮೂರು ಟೈರು 31-32ರಲ್ಲಿ ಸರಿಯಾಗೇ ಇದ್ದವು.

"ಮಾವ, ಇಲ್ಲೇ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹಾಕಿಸೋಣ" ಅಂದೆ.

"ಬ್ಯಾಡಪ್ಪ, ಅದು ನೈಟ್ರೋಜನ್ ಟೈರು. ಸಾದಾ ಗಾಳಿ ಬೆರೆಸಿದ್ರೆ ಕೆಟ್ಟು ಹೋಗ್ತದಂತೆ. ದಾವಣಗೆರೆಲಿ ಹಾಕಿಸಿದ್ರಾತು" ಅಂದರು. ಅದಕ್ಕೆ ಸಾಕ್ಷಿಯಾಗಿ ವಾಲ್ವ್ ಮೇಲೆ ಹಸಿರು ಕ್ಯಾಪ್ ಬೇರೆ.

ಆ ಬಿಸಿಲಲ್ಲಿ, ಅಷ್ಟು ಲೋಡ್ ಹಾಕಿಕೊಂಡು, 24ರಲ್ಲಿ ದಾವಣಗೆರೆ ತನಕ ಹೋಗೋದೇ? ನಾವು ಓದಿದ ಒಂದನೇ ಸೆಮಿಸ್ಟರ್ ಕೆಮಿಸ್ಟ್ರಿ ಇಂಥ ಹೊತ್ತಲ್ಲಿ ಉಪಯೋಗಕ್ಕೆ ಬರಬೇಕು. ಒಂದೊಂದೇ ಮಾತನ್ನು ತಗೊಂಡು ಲೆಕ್ಕ ಹಾಕೋಣ.

ದುಡ್ಡು ಯಾವುದಕ್ಕೆ?

ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು 78% ನೈಟ್ರೋಜನ್, 21% ಆಕ್ಸಿಜನ್, ಉಳಿದ 1% ಹೆಚ್ಚುಕಡಿಮೆ ಆರ್ಗಾನ್. ಬಂಕಿನಲ್ಲಿರುವ ನೈಟ್ರೋಜನ್ ಯಂತ್ರ ಇದೇ ಗಾಳಿಯನ್ನು ಎಳೆದುಕೊಂಡು ಒತ್ತುತ್ತದೆ, ತೇವ ತೆಗೆಯುತ್ತದೆ. ಆಮೇಲೆ ಅದನ್ನು ವಿಶೇಷ ಇಂಗಾಲದ ಹರಳುಗಳ ಮೂಲಕವೋ ಪೊರೆಯ ಮೂಲಕವೋ ಹಾಯಿಸಿ ಆಕ್ಸಿಜನ್ನನ್ನು ಬೇರ್ಪಡಿಸುತ್ತದೆ. ಹೊರಗೆ ಬರುವುದು ಸುಮಾರು 95% ನೈಟ್ರೋಜನ್ ಅಂತ ಇಟ್ಟುಕೊಳ್ಳಿ. ಅಂದರೆ ನಾವು ದುಡ್ಡು ಕೊಡೋದು 78ರಿಂದ 95ಕ್ಕೆ ಏರಿದ್ದಕ್ಕೆ. ಸಾದಾ ಗಾಳಿ ತುಂಬಿದ ಟೈರಿನಲ್ಲೂ ಮುಕ್ಕಾಲು ಭಾಗ ನೈಟ್ರೋಜನ್ನೇ.

"ನೈಟ್ರೋಜನ್ ಬಿಸಿಯಾದ್ರೂ ಹಿಗ್ಗಲ್ಲ"

ಇದು ಎಲ್ಲಕ್ಕಿಂತ ಹೆಚ್ಚು ಕೇಳೋ ಮಾತು. ಆದರೆ ಆದರ್ಶ ಅನಿಲದ ಸಮೀಕರಣಕ್ಕೆ ಅನಿಲದ ಹೆಸರು ಬೇಕಿಲ್ಲ. ಗಾತ್ರ ಬದಲಾಗದಿದ್ದರೆ ಒತ್ತಡ ತಾಪಮಾನದ ಜೊತೆಗೆ ಏರುತ್ತದೆ, ಅಷ್ಟೇ. ಬೆಳಗ್ಗೆ 25 ಡಿಗ್ರಿಯಲ್ಲಿ 33 ಪಿಎಸ್‌ಐ ಇಟ್ಟು ಹೊರಟಿರಿ. ಗೇಜ್ ತೋರಿಸೋದು ಹೊರಗಿನ ವಾಯುಭಾರಕ್ಕಿಂತ ಎಷ್ಟು ಹೆಚ್ಚು ಅನ್ನೋದನ್ನ. ಹಾಗಾಗಿ 14.7 ಸೇರಿಸಿದರೆ ಒಳಗಿನ ನಿಜವಾದ ಒತ್ತಡ 47.7. ಓಡಿ ಓಡಿ ಒಳಗಿನ ತಾಪಮಾನ 55 ಡಿಗ್ರಿಗೆ ಬಂತು ಅಂತಾದರೆ:

47.7 × 328 ÷ 298 = 52.5

14.7 ಕಳೆದರೆ ಗೇಜಿನಲ್ಲಿ 37.8. ಏರಿಕೆ ಸುಮಾರು 5 ಪಿಎಸ್‌ಐ. ಒಳಗೆ ನೈಟ್ರೋಜನ್ ಇದ್ದರೂ ಅಷ್ಟೇ, ಒಣ ಗಾಳಿ ಇದ್ದರೂ ಅಷ್ಟೇ.

'ಒಣ' ಅನ್ನೋ ಪದಕ್ಕೆ ಇಲ್ಲಿ ಬೆಲೆ ಇದೆ. ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ನೀರು ಕಟ್ಟಿಕೊಳ್ಳುತ್ತದೆ. ಮಳೆಗಾಲದ ಹೊನ್ನಾಳಿ, ನ್ಯಾಮತಿಯಲ್ಲಿ ಇನ್ನೂ ಜಾಸ್ತಿ. ಜಗಳೂರಿನ ಒಣ ಬೇಸಿಗೆಯಲ್ಲಿ ಕಮ್ಮಿ. ಆ ನೀರು ಹನಿಯಾಗಿ ಟೈರಿನೊಳಗೆ ಸೇರಿದರೆ ಬಿಸಿಯಾದಾಗ ಆವಿಯಾಗಿ, 55 ಡಿಗ್ರಿಯ ಹೊತ್ತಿಗೆ ಮೇಲಿನ ಲೆಕ್ಕಕ್ಕೆ ಇನ್ನೂ ಸುಮಾರು 2 ಪಿಎಸ್‌ಐ ತನಕ ಸೇರಿಸಬಹುದು. ರೇಸ್ ಕಾರಿನವರಿಗೆ ಇದು ಮುಖ್ಯ. ನಮಗೆ ಬೇಕಾದ್ದು ದಿನಾ ಟ್ಯಾಂಕಿನ ನೀರು ಬಿಡುವ ಅಂಗಡಿಯವನು.

"ನೈಟ್ರೋಜನ್ ಸೋರಲ್ಲ"

ಈ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ರಬ್ಬರ್ ಮೂಲಕ ಆಕ್ಸಿಜನ್ ನೈಟ್ರೋಜನ್‌ಗಿಂತ ಬೇಗ ನುಸುಳುತ್ತದೆ. ಎಷ್ಟು ವ್ಯತ್ಯಾಸ? ಅಮೆರಿಕದ 'ಕನ್ಸ್ಯೂಮರ್ ರಿಪೋರ್ಟ್ಸ್' ಪತ್ರಿಕೆ 31 ಮಾದರಿಯ ಟೈರುಗಳನ್ನು 30 ಪಿಎಸ್‌ಐಗೆ ತುಂಬಿ, ಒಂದು ವರ್ಷ ಬಿಟ್ಟು ಅಳೆದು ನೋಡಿತು. ಗಾಳಿ ತುಂಬಿದವು ಸರಾಸರಿ 3.5 ಪಿಎಸ್‌ಐ ಕಳೆದುಕೊಂಡಿದ್ದವು, ನೈಟ್ರೋಜನ್ ತುಂಬಿದವು 2.2. ವರ್ಷಕ್ಕೆ 1.3, ಅಂದರೆ ತಿಂಗಳಿಗೆ 0.11 ಪಿಎಸ್‌ಐ ವ್ಯತ್ಯಾಸ. ಎಷ್ಟೋ ಗೇಜುಗಳ ತಪ್ಪೇ ಇದಕ್ಕಿಂತ ಜಾಸ್ತಿ ಇರುತ್ತದೆ.

ಇದರಿಂದ ಉಳಿಯುವ ಪೆಟ್ರೋಲ್ ಎಷ್ಟು? ಒತ್ತಡ 1 ಪಿಎಸ್‌ಐ ಇಳಿದರೆ ಮೈಲೇಜ್ ಸುಮಾರು 0.2% ಇಳಿಯುತ್ತದೆ ಅನ್ನೋದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ವರ್ಷವಿಡೀ ಗೇಜ್ ಮುಟ್ಟದ ಸೋಮಾರಿ ಅಂತಲೇ ಇಟ್ಟುಕೊಳ್ಳಿ. ಸರಾಸರಿ ವ್ಯತ್ಯಾಸ 1.3ರ ಅರ್ಧ, 0.65. ಅಂದರೆ 0.13%. ಲೀಟರಿಗೆ 18 ಕಿ.ಮೀ. ಕೊಡೋ ಕಾರು 10,000 ಕಿ.ಮೀ. ಓಡಿದರೆ ಬೇಕಾಗೋದು 555 ಲೀಟರ್. ಉಳಿತಾಯ ಮುಕ್ಕಾಲು ಲೀಟರ್ ಹತ್ತಿರ. ಟೈರಿಗೆ 40 ರೂಪಾಯಿಯಂತೆ ನಾಲ್ಕಕ್ಕೆ 160 ಕೊಟ್ಟಿದ್ದರೆ ಅದೂ ಗಿಟ್ಟಲಿಲ್ಲ. ತಿಂಗಳಿಗೊಮ್ಮೆ ಗಾಳಿ ನೋಡಿಸೋ ಅಭ್ಯಾಸ ಇದ್ದರಂತೂ ಆ ಉಳಿತಾಯ ಸೊನ್ನೆ.

"ಸಾದಾ ಗಾಳಿ ಬೆರೆಸಬಾರದು"

ಮಾವನ ಟೈರನ್ನೇ ತಗೊಳ್ಳಿ. 24 ಪಿಎಸ್‌ಐ ಇದೆ, ಅಂದರೆ ನಿಜವಾದ ಒತ್ತಡ 38.7. ಅದರಲ್ಲಿ ಆಕ್ಸಿಜನ್ 5% ಅಂದರೂ 1.9. ಅದಕ್ಕೆ 9 ಪಿಎಸ್‌ಐ ಸಾದಾ ಗಾಳಿ ಸೇರಿಸಿದರೆ ಇನ್ನೊಂದು 1.9 ಆಕ್ಸಿಜನ್ ಬರುತ್ತದೆ. ಒಟ್ಟು 47.7ರಲ್ಲಿ 3.8, ಅಂದರೆ 8%. ಐದಿದ್ದದ್ದು ಎಂಟಾಯಿತು, ಅಷ್ಟೇ. ಏನೂ ಕೆಡುವುದಿಲ್ಲ, ಯಾವ ರಾಸಾಯನಿಕ ಕ್ರಿಯೆಯೂ ನಡೆಯುವುದಿಲ್ಲ.

ಇನ್ನೊಂದು ತಮಾಷೆ ನೋಡಿ. ಸಾದಾ ಗಾಳಿ ಇದ್ದ ಟೈರಿನ ಗಾಳಿ ಬಿಟ್ಟರೂ ಒಳಗೆ ಒಂದು ವಾಯುಭಾರದಷ್ಟು ಗಾಳಿ ಉಳಿದೇ ಇರುತ್ತದೆ. ಅದರ ಮೇಲೆ 95% ನೈಟ್ರೋಜನ್ ತುಂಬಿದರೆ ಒಳಗಿನ ಆಕ್ಸಿಜನ್ ಸುಮಾರು 10%. ಒಂದೇ ಸಲ ತುಂಬಿಸಿ ಹಸಿರು ಕ್ಯಾಪ್ ಹಾಕಿಸಿಕೊಂಡು ಬಂದ ಹೊಸ 'ನೈಟ್ರೋಜನ್ ಟೈರಿಗಿಂತ' ಮಾವನ 'ಕೆಟ್ಟು ಹೋದ' ಟೈರೇ ಶುದ್ಧ!

"ವಿಮಾನಕ್ಕೆ ಹಾಕ್ತಾರಲ್ಲ?"

ಹಾಕ್ತಾರೆ, ಹಾಕಲೇಬೇಕು. 1986ರ ಮಾರ್ಚ್ 31ರಂದು ಮೆಕ್ಸಿಕಾನಾ ಕಂಪನಿಯ ಬೋಯಿಂಗ್ 727 ಬಿದ್ದು 167 ಜನ ತೀರಿಕೊಂಡರು. ನೈಟ್ರೋಜನ್ ಬದಲು ಗಾಳಿ ತುಂಬಿದ್ದ ಟೈರು, ವಿಪರೀತ ಕಾದ ಬ್ರೇಕಿನ ಶಾಖಕ್ಕೆ ಒಳಗೇ ಸ್ಫೋಟಿಸಿತ್ತು. ಮರುವರ್ಷ ಅಮೆರಿಕದ ವಿಮಾನಯಾನ ಆಡಳಿತ, ದೊಡ್ಡ ವಿಮಾನಗಳ ಬ್ರೇಕ್ ಇರುವ ಚಕ್ರಗಳಲ್ಲಿ ಆಕ್ಸಿಜನ್ 5%ಗಿಂತ ಹೆಚ್ಚಿರಬಾರದು ಅಂತ ಆದೇಶ ಮಾಡಿತು. ಮೇಲೆ ಹಾರುವಾಗಿನ ಕೊರೆಯುವ ಚಳಿಗೆ ತೇವ ಹೆಪ್ಪುಗಟ್ಟಬಾರದು ಅನ್ನೋ ಕಾರಣವೂ ಇದೆ. ಆ ಶಾಖವೂ ಆ ಚಳಿಯೂ ನಮ್ಮ ಚನ್ನಗಿರಿ ರಸ್ತೆಯ ಕಾರಿಗಿಲ್ಲ.

ಹಾಗಾದ್ರೆ ಏನು ಮಾಡೋದು?

ನೈಟ್ರೋಜನ್ ಹಾಕಿಸಿದರೆ ಕೆಡುಕಿಲ್ಲ. ಪುಕ್ಕಟೆ ಸಿಕ್ಕರೆ ಹಾಕಿಸಿಕೊಳ್ಳಿ. ತಿಂಗಳುಗಟ್ಟಲೆ ಶೆಡ್ಡಿನಲ್ಲೇ ನಿಲ್ಲುವ ಕಾರಿಗೆ ಚೂರು ಉಪಯೋಗವೂ ಆದೀತು. ಆದರೆ ಅದನ್ನು ನಂಬಿಕೊಂಡು ಗೇಜ್ ಮರೆತರೆ ಅಪಾಯ. ಗಾಳಿ ಕಮ್ಮಿಯಾದ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚುತ್ತದೆ, ಅದರಿಂದಲೇ ಕಾಯುತ್ತದೆ. ಮೇಲೆ ಲೋಡ್, ಕೆಳಗೆ ಕಾದ ಟಾರು, ಜೊತೆಗೆ ಸ್ಪೀಡು ಸೇರಿದರೆ ಸಿಡಿಯುತ್ತದೆ. ಆಗ ಒಳಗೆ ಯಾವ ಅನಿಲ ಇತ್ತು ಅಂತ ಯಾರೂ ಕೇಳಲ್ಲ.

ತಿಂಗಳಿಗೊಮ್ಮೆ, ದೂರ ಹೊರಡುವ ಮುಂಚೆ ಇನ್ನೊಮ್ಮೆ, ಟೈರು ತಣ್ಣಗಿರುವಾಗಲೇ ಒತ್ತಡ ನೋಡಿ. ಓಡಿ ಬಿಸಿಯಾದ ಮೇಲೆ 37 ತೋರಿಸಿತು ಅಂತ ಗಾಳಿ ಬಿಡಬೇಡಿ. ಅಡಿಕೆ ಮೂಟೆ ಹಾಕ್ತೀರೋ, ಮನೆಮಂದಿಯೆಲ್ಲ ಹತ್ತೀರೋ, ಫುಲ್ ಲೋಡಿಗೆ ಸ್ಟಿಕ್ಕರ್‌ನಲ್ಲಿ ಬೇರೆ ಅಂಕಿ ಇದ್ದರೆ ಅದನ್ನು ಪಾಲಿಸಿ. ಸ್ಟೆಪ್ನಿಯನ್ನೂ ಮರೀಬೇಡಿ.

ಅವತ್ತು ನಾನು ಈ ಲೆಕ್ಕವನ್ನೆಲ್ಲ ಒಪ್ಪಿಸಿದ ಮೇಲೆ ಮಾವ ಅಲ್ಲೇ ನ್ಯಾಮತಿಯಲ್ಲಿ ಸಾದಾ ಗಾಳಿ ಹಾಕಿಸಿದರು. ಹೊನ್ನಾಳಿ ಮುಟ್ಟುವ ಹೊತ್ತಿಗೆ ಮತ್ತೆ 30ಕ್ಕೆ ಇಳಿದಿತ್ತು! ಅಲ್ಲಿನ ಪಂಕ್ಚರ್ ಅಂಗಡಿಯಲ್ಲಿ ಸೋಪಿನ ನೀರು ಹಚ್ಚಿದರೆ ವಾಲ್ವ್ ಬುಡದಲ್ಲಿ ಗುಳ್ಳೆ. ಮೂರು ಟೈರು ಸರಿ ಇದ್ದು ಒಂದೇ ಇಳಿದಿದೆ ಅಂದಾಗಲೇ ಇದು ನನಗೆ ಹೊಳೆಯಬೇಕಿತ್ತು. ಲೆಕ್ಕ ಒಪ್ಪಿಸೋ ಭರದಲ್ಲಿ ಮರೆತೆ. ವಾಲ್ವ್ ಬದಲಾಯಿಸಿದ ಹುಡುಗ ಹಸಿರು ಕ್ಯಾಪನ್ನೇ ವಾಪಸ್ ಹಾಕಿ, "ಇದಿರ್ಲಿ ಸಾರ್, ಧೂಳು ಹೋಗಲ್ಲ" ಅಂದ. ಕ್ಯಾಪಿನ ನಿಜವಾದ ಕೆಲಸ ಅದೇ ತಾನೆ?