ರೈನ್ ನದಿಯ ಎರಡು ದಡದ ಲೆಕ್ಕ

ಅಲ್ಸಾಸ್‌ನ ವೈನ್ ಮಾರ್ಗ ಫ್ರಾನ್ಸಿನ ಪೂರ್ವದ ಅಂಚಿನಲ್ಲಿದೆ. ಉತ್ತರದ ಮಾರ್ಲೆನ್‌ಹೈಮ್‌ನಿಂದ ದಕ್ಷಿಣದ ತಾನ್ ಎಂಬ ಊರಿನವರೆಗೆ ಸುಮಾರು 170 ಕಿ.ಮೀ. ಹಬ್ಬಿದ ಈ ದಾರಿಯನ್ನು 1953ರಲ್ಲಿ ಪ್ರವಾಸಿ ಮಾರ್ಗವಾಗಿ ತೆರೆಯಲಾಯಿತು. ಪಡುವಣಕ್ಕೆ ವೋಜ್ ಬೆಟ್ಟಸಾಲು, ಮೂಡಣಕ್ಕೆ ರೈನ್ ನದಿ. ನದಿಯ ಆಚೆ ದಡ ಜರ್ಮನಿಯ ಬಾಡೆನ್. ತೆಂಕಣ ತುದಿಯಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್. ಮಳೆಮೋಡಗಳು ಬೆಟ್ಟದ ಆ ಮಗ್ಗುಲಲ್ಲೇ ಸುರಿದು ಮುಗಿಯುವುದರಿಂದ ಕೋಲ್ಮಾರ್ ಫ್ರಾನ್ಸಿನ ಅತಿ ಕಡಿಮೆ ಮಳೆಯ ಪಟ್ಟಣಗಳಲ್ಲೊಂದು. ದ್ರಾಕ್ಷಿಗೆ ಅದೇ ಅನುಕೂಲ. 1871ರಿಂದ 1945ರ ನಡುವೆ ಈ ಸೀಮೆ ಫ್ರಾನ್ಸ್ ಮತ್ತು ಜರ್ಮನಿಯ ಮಧ್ಯೆ ನಾಲ್ಕು ಸಲ ಕೈ ಬದಲಾಯಿಸಿತು. ಊರ ಹೆಸರು ಜರ್ಮನ್ ಆಗಿದ್ದು ಬೇಕರಿಯವನ ಮಾತು ಫ್ರೆಂಚ್ ಆಗಿರುವುದು ಹಾಗಾಗಿಯೇ.

ಬಾಡಿಗೆ ಕಾರಿನಲ್ಲಿ ಇಲ್ಲಿ ಸುತ್ತುವವರು ಒಂದೇ ದಿನದಲ್ಲಿ ಮೂರು ದೇಶ ನೋಡಿ ಬರಬಹುದು. ಮೂರೂ ಷೆಂಗೆನ್ ವಲಯದೊಳಗಿವೆ. ಜರ್ಮನಿ 2024ರ ಸೆಪ್ಟೆಂಬರ್‌ನಿಂದ ತನ್ನ ಎಲ್ಲ ಭೂಗಡಿಗಳಲ್ಲೂ ಮತ್ತೆ ತಪಾಸಣೆ ಶುರುಮಾಡಿರುವುದರಿಂದ ಪಾಸ್‌ಪೋರ್ಟ್ ಜೇಬಿನಲ್ಲಿರಬೇಕು, ಅಷ್ಟೆ. ಆದರೆ ಹಣದ ಮಟ್ಟಿಗೆ ಸೇತುವೆಯ ಈಚೆ ಆಚೆ ಒಂದೇ ಅಲ್ಲ. ತೆರಿಗೆ, ಕರೆನ್ಸಿ, ರಸ್ತೆ ಶುಲ್ಕ, ಕಡೆಗೆ ಖಾಲಿ ನೀರಿನ ಬಾಟಲಿಯ ಬೆಲೆಯೂ ಬೇರೆಯಾಗುತ್ತದೆ. ಈ ಅಂಕಣಕಾರ ಮತ್ತು ಪತ್ನಿ ಒಂದು ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಹೋಗಿ ಕೋಲ್ಮಾರ್‌ನಲ್ಲಿ ಆರು ರಾತ್ರಿ, ಬಾಡೆನ್‌ನಲ್ಲಿ ಎರಡು ರಾತ್ರಿ ಕಳೆದು ಬಂದಾಗ ಬರೆದಿಟ್ಟ ಖರ್ಚಿನ ಪುಸ್ತಕವೇ ಕೆಳಗಿನ ವಿವರಗಳಿಗೆ ಆಧಾರ.

ಮೊದಲ ಖರ್ಚು ಊರಲ್ಲೇ ಆಗುತ್ತದೆ. ಷೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ ತಲಾ 90 ಯೂರೊ. ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ವೀಸಾ ಸಿಗದಿದ್ದರೆ ಈ ದುಡ್ಡು ವಾಪಸಿಲ್ಲ. ಹೆಚ್ಚು ರಾತ್ರಿ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು, ಕನಿಷ್ಠ 30,000 ಯೂರೊ ರಕ್ಷಣೆಯ ಪ್ರಯಾಣ ವಿಮೆ ಇರಬೇಕು. ಆರ್‌ಟಿಒದಲ್ಲಿ ಪಡೆಯುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯ ಅವಧಿ ಒಂದು ವರ್ಷ. ಅದನ್ನು ಮೂಲ ಲೈಸೆನ್ಸಿನ ಜತೆಗೇ ತೋರಿಸಬೇಕು. ಅದೊಂದೇ ಇದ್ದರೆ ಕೌಂಟರಿನಲ್ಲಿ ಕಾರಿನ ಕೀಲಿ ಸಿಗುವುದಿಲ್ಲ.

ಪ್ರವಾಸವನ್ನು ಪ್ಯಾಕೇಜ್ ಆಗಿ ಕೊಳ್ಳುವುದೋ, ತಾವೇ ಜೋಡಿಸಿಕೊಳ್ಳುವುದೋ ಎಂಬುದಕ್ಕೆ ತೆರಿಗೆಯ ಮುಖವೂ ಇದೆ. ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡವರಿಂದ ಮೊದಲ ರೂಪಾಯಿಯಿಂದಲೇ ಮೂಲದಲ್ಲಿ ತೆರಿಗೆ ಸಂಗ್ರಹ, ಅಂದರೆ ಟಿಸಿಎಸ್, ಮುರಿದುಕೊಳ್ಳಲಾಗುತ್ತದೆ. ಹೋಟೆಲು ಕಾರು ತಾವೇ ಬುಕ್ ಮಾಡಿ, ಫಾರೆಕ್ಸ್ ಕಾರ್ಡಿಗೆ ಹಣ ತುಂಬಿಸಿಕೊಳ್ಳುವವರಿಗೆ 2025ರ ಏಪ್ರಿಲ್‌ನಿಂದ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ರೂಪಾಯಿವರೆಗೆ ಟಿಸಿಎಸ್ ಇಲ್ಲ. ಈ ಮಿತಿ ತಲಾ ಪ್ಯಾನ್ ಸಂಖ್ಯೆಗೆ. ಗಂಡ ಹೆಂಡತಿ ಬೇರೆ ಬೇರೆ ಕಾರ್ಡ್ ಮಾಡಿಸಿದರೆ ಇಬ್ಬರಿಗೂ ಪ್ರತ್ಯೇಕವಾಗಿ ಸಿಗುತ್ತದೆ. ಟಿಸಿಎಸ್ ಕಳೆದುಹೋಗುವ ಹಣವಲ್ಲ, ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ಅಷ್ಟು ತಿಂಗಳು ಬಡ್ಡಿಯಿಲ್ಲದೆ ಬೇರೆಯವರ ಬಳಿ ಕೂತಿರುತ್ತದೆ.

ಕಾರನ್ನು ಎಲ್ಲಿ ಪಡೆಯುವುದೆಂಬುದು ಮುಂದಿನ ಪ್ರಶ್ನೆ. ಬಾಸೆಲ್–ಮುಲ್ಹೌಸ್–ಫ್ರೈಬುರ್ಗ್ ವಿಮಾನ ನಿಲ್ದಾಣ ನಿಂತಿರುವುದು ಫ್ರೆಂಚ್ ನೆಲದಲ್ಲಿ, ನಡೆಸುವವರು ಫ್ರಾನ್ಸ್ ಮತ್ತು ಸ್ವಿಟ್ಜರ್‌ಲೆಂಡ್ ಎರಡೂ ಕೂಡಿ. ಅಲ್ಲಿ ಫ್ರೆಂಚ್ ಬಾಗಿಲು ಒಂದು, ಸ್ವಿಸ್ ಬಾಗಿಲು ಒಂದು. ಒಂದೇ ಕಂಪನಿಯ ಎರಡು ಕೌಂಟರುಗಳಲ್ಲಿ ದರ ಬೇರೆ ಇರುತ್ತದೆ, ಬುಕ್ ಮಾಡುವಾಗ ಎರಡನ್ನೂ ಹೋಲಿಸಿ ನೋಡಬೇಕು. ಯಾವ ದೇಶಗಳಿಗೆ ಕಾರು ಒಯ್ಯಬಹುದು ಎಂಬುದು ಕರಾರಿನಲ್ಲೇ ಬರೆದಿರಬೇಕು. ಬರೆಯದ ದೇಶದಲ್ಲಿ ಅಪಘಾತವಾದರೆ ವಿಮೆ ಕೈ ಕೊಡಬಹುದು. ಎರಡನೆಯ ಚಾಲಕರ ಹೆಸರು ಸೇರಿಸಲು ದಿನಕ್ಕಿಷ್ಟು ಎಂದು ಕೇಳುತ್ತಾರೆ. ವೈನ್ ಸೀಮೆಯಲ್ಲಿ ಇದೊಂದು ಉಳಿತಾಯ ಮಾಡಲು ಹೋಗಬಾರದು. ಮೂರೂ ದೇಶಗಳಲ್ಲಿ ಚಾಲಕರ ರಕ್ತದಲ್ಲಿ ಮದ್ಯದ ಮಿತಿ ಲೀಟರಿಗೆ 0.5 ಗ್ರಾಂ. ಒಂದು ದಿನ ಒಬ್ಬರು ರುಚಿ ನೋಡಿದರೆ ಇನ್ನೊಬ್ಬರು ಓಡಿಸಬೇಕಾಗುತ್ತದೆ.

ಓಡಿಸುವುದು ಮೊದಲ ಗಂಟೆ ತಮಾಷೆಯೇ. ಗೇರ್ ಹುಡುಕುವ ಎಡಗೈ ಬಾಗಿಲಿಗೆ ತಾಗುತ್ತದೆ, ಇಂಡಿಕೇಟರ್ ಹಾಕಲು ಹೋದರೆ ಒಣಬಿಸಿಲಿನಲ್ಲಿ ವೈಪರ್ ಆಡತೊಡಗುತ್ತದೆ. ಫ್ರೆಂಚ್ ಹಳ್ಳಿಗಳಲ್ಲಿ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವ ವಾಹನಕ್ಕೆ ದಾರಿ ಬಿಡಬೇಕು. ಓಣಿಯೊಳಗಿಂದ ಬಂದ ಟ್ರ್ಯಾಕ್ಟರಿಗೂ ಅದೇ ಹಕ್ಕು.

ಬಾಡಿಗೆ ಕಾರಿನ ದುಡ್ಡಿನಲ್ಲಿ ಅನನುಭವಿಗಳು ಎಡವುವುದು ಬಾಡಿಗೆಯಲ್ಲಲ್ಲ, ಠೇವಣಿಯಲ್ಲಿ. ಕಾರಿಗೆ ಹಾನಿಯಾದರೆ ಗ್ರಾಹಕ ಭರಿಸಬೇಕಾದ ಪಾಲನ್ನು ಕಂಪನಿ ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡಿನಲ್ಲಿ ಹಿಡಿದಿಡುತ್ತದೆ. ಡೆಬಿಟ್ ಕಾರ್ಡು, ಫಾರೆಕ್ಸ್ ಕಾರ್ಡು ಬಹಳ ಕಡೆ ಇದಕ್ಕೆ ಆಗುವುದಿಲ್ಲ. ಅಂಕಣಕಾರನ ಕಾರ್ಡಿನ ಮಿತಿ ಒಂದೂವರೆ ಲಕ್ಷ ರೂಪಾಯಿ. ಕೌಂಟರಿನಲ್ಲಿ ತಡೆಹಿಡಿದದ್ದು 1,100 ಯೂರೊ. ಯೂರೊಗೆ ನೂರು ರೂಪಾಯಿಯ ಸುಲಭ ಲೆಕ್ಕದಲ್ಲಿ 1,10,000 ಅಲ್ಲಿಗೆ ಹೋಯಿತು. ಮಾರನೆಯ ಭಾನುವಾರ ಆಳಿಲ್ಲದ ಪೆಟ್ರೋಲ್ ಪಂಪಿನಲ್ಲಿ ಕಾರ್ಡ್ ತೂರಿಸಿದಾಗ ಯಂತ್ರ 150 ಯೂರೊ ತಡೆಹಿಡಿದು, ಪೆಟ್ರೋಲ್ ಮಾತ್ರ ಬಿಡಲಿಲ್ಲ. ಮತ್ತೆ ತೂರಿಸಿದಾಗ ಇನ್ನೂ 150 ಹಿಡಿದು, 38 ಯೂರೊದಷ್ಟು ಬಿಟ್ಟಿತು. ಇಂಥ ಪಂಪುಗಳು ತುಂಬಿಸುವ ಮೊದಲೇ ದೊಡ್ಡ ಮೊತ್ತವನ್ನು ಕಾಯ್ದಿರಿಸುತ್ತವೆ. ನಿಜವಾದ ಬಿಲ್ಲು ಬಂದು ತಡೆ ತೆರವಾಗಲು ದಿನಗಳೇ ಹಿಡಿಯಬಹುದು. ಊಟಕ್ಕೆಂದು ಅಷ್ಟರಲ್ಲಿ 6,000 ರೂಪಾಯಿ ಖರ್ಚಾಗಿತ್ತು. ಸಂಜೆ ಎಗಿಸ್‌ಹೈಮ್ ಎಂಬ ಊರಿನ ಒಂದು ವೈನ್ ನೆಲಮಾಳಿಗೆಯಲ್ಲಿ ತಲಾ 11 ಯೂರೊದ ನಾಲ್ಕು ರೀಸ್ಲಿಂಗ್ ಬಾಟಲಿ ಆರಿಸಿ ಕಾರ್ಡ್ ಕೊಟ್ಟಾಗ ಅದು ನಡೆಯಲಿಲ್ಲ. ಮಿತಿಯಲ್ಲಿ ಉಳಿದಿದ್ದದ್ದು 4,000, ಬೇಕಿದ್ದದ್ದು 4,400. ಅಜ್ಜಿಯೊಬ್ಬರು ಯಂತ್ರವನ್ನು ಕನ್ನಡಕದ ಹತ್ತಿರ ಹಿಡಿದು ಮೂರು ಸಲ ಪ್ರಯತ್ನಿಸಿದರು. ಕಡೆಗೆ ಪತ್ನಿಯ ಫಾರೆಕ್ಸ್ ಕಾರ್ಡು ಮಾನ ಉಳಿಸಿತು. ಠೇವಣಿಗೆಂದೇ ಒಂದು ಕಾರ್ಡು, ಖರ್ಚಿಗೆ ಬೇರೊಂದು ಎಂಬುದು ಅಂದಿನಿಂದ ಮನೆಯ ನಿಯಮವಾಗಿದೆ. ಪೆಟ್ರೋಲನ್ನೂ ಆಳಿರುವ ಪಂಪಿನಲ್ಲೇ ಹಾಕಿಸುವುದು ಒಳ್ಳೆಯದು, ನಾಲ್ಕು ಕಾಸು ಹೆಚ್ಚಾದರೂ.

ವೈನಿನ ಬೆಲೆ ಇಷ್ಟು ಪೀಕಲಾಟ ಕೊಡುವುದಿಲ್ಲ. ಬೆಳೆಗಾರರ ಮನೆಯಲ್ಲೇ ಕೊಂಡರೆ ಸಾಮಾನ್ಯ ರೀಸ್ಲಿಂಗ್, ಸಿಲ್ವಾನರ್ ಹತ್ತು ಯೂರೊ ಆಸುಪಾಸು. ‘ಗ್ರಾಂ ಕ್ರೂ’ ಎಂಬ ಮೇಲ್ದರ್ಜೆಯ 51 ತೋಟಗಳ ಹೆಸರು ಹೊತ್ತ ಬಾಟಲಿ ಅದರ ಎರಡು ಮೂರು ಪಟ್ಟು. ಕ್ರೆಮಾಂ ಎಂಬ ನೊರೆ ವೈನ್ ಶಾಂಪೇನ್ ವಿಧಾನದಲ್ಲೇ ತಯಾರಾಗುತ್ತದೆ, ಆದರೆ ಶಾಂಪೇನ್ ಹೆಸರಿನ ಬೆಲೆ ಅದಕ್ಕಿಲ್ಲ. ಈ ಮಾರ್ಗದಲ್ಲಿ ಕೊಟ್ಟ ದುಡ್ಡಿಗೆ ಅದಕ್ಕಿಂತ ಒಳ್ಳೆಯ ಸರಕು ಸಿಕ್ಕಲಿಲ್ಲ. ಅನೇಕ ಮನೆಗಳಲ್ಲಿ ರುಚಿ ನೋಡಲು ದುಡ್ಡು ಕೇಳುವುದಿಲ್ಲ. ನಾಲ್ಕೈದು ಗುಟುಕು ಸುರಿಸಿಕೊಂಡವರು ಒಂದಾದರೂ ಬಾಟಲಿ ಕೊಳ್ಳುವರೆಂಬ ನಿರೀಕ್ಷೆ ಮಾತ್ರ ಇರುತ್ತದೆ. ಪಕ್ಕದಲ್ಲೊಂದು ಪೀಕದಾನಿ ಇಟ್ಟಿರುತ್ತಾರೆ, ಉಗುಳುವುದು ಅವಮಾನವಲ್ಲ.

ರಸ್ತೆಯ ಮಟ್ಟಿಗೆ ಅಲ್ಸಾಸ್ ಉದಾರಿ. ಫ್ರಾನ್ಸಿನ ಹೆದ್ದಾರಿಗಳಲ್ಲಿ ಟೋಲ್ ಸಾಮಾನ್ಯವಾದರೂ ಉತ್ತರ ದಕ್ಷಿಣವಾಗಿ ಸಾಗುವ ಎ35ಕ್ಕೆ ಟೋಲಿಲ್ಲ. ಸ್ಟ್ರಾಸ್‌ಬುರ್ಗ್ ಬಳಸಿ ಹೋಗಲು 2021ರಲ್ಲಿ ತೆರೆದ ಪಶ್ಚಿಮದ ಬೈಪಾಸಿಗೆ ಮಾತ್ರ ಇದೆ. ಜರ್ಮನಿಯ ಆಟೋಬಾನ್ ಕಾರುಗಳಿಗೆ ಉಚಿತ. ಆದರೆ ಜರ್ಮನಿಯ ಹಲವು ನಗರಗಳ ಒಳಭಾಗಕ್ಕೆ ಹೋಗಲು ಗಾಜಿನ ಮೇಲೆ ಹಸಿರು ಮಾಲಿನ್ಯ ಸ್ಟಿಕ್ಕರ್ ಬೇಕು; ಇಲ್ಲದಿದ್ದರೆ 100 ಯೂರೊ ದಂಡ. ಫ್ರಾನ್ಸಿನಲ್ಲಿ ಪಡೆದ ಕಾರಿಗೆ ಅದು ಇರಲೇಬೇಕೆಂದಿಲ್ಲ. ಅಂಥ ನಗರಗಳಲ್ಲಿ ಹೊರವಲಯದಲ್ಲಿ ಕಾರು ನಿಲ್ಲಿಸಿ ಟ್ರಾಮ್ ಹಿಡಿಯುವುದೇ ಸುಲಭ.

ರೈನ್ ದಾಟಲು ಕೋಲ್ಮಾರ್‌ನಿಂದ ಹತ್ತಿರದ ದಾರಿ ಬ್ರೈಸಾಖ್ ಸೇತುವೆ. ಇನ್ನೂ ಉತ್ತರಕ್ಕೆ, ರೀನೊ ಎಂಬ ಹಳ್ಳಿಯಿಂದ ಕಾರು ಹತ್ತಿಸಿಕೊಂಡು ನದಿ ದಾಟಿಸುವ ದೋಣಿಗೆ ಟಿಕೆಟ್ಟೇ ಇಲ್ಲ. ಪೆಟ್ರೋಲ್ ಬಿಟ್ಟರೆ ಆ ದಾಟುವಿಕೆ ಪೂರ್ತಿ ಪುಕ್ಕಟೆ.

ಆಚೆ ದಡದಲ್ಲಿ ಲೆಕ್ಕ ಸಣ್ಣಸಣ್ಣದಾಗಿ ಬದಲಾಗುತ್ತದೆ. ಫ್ರಾನ್ಸಿನ ಹೋಟೆಲಿನಲ್ಲಿ ಊಟದ ಜತೆ ಒಂದು ಹೂಜಿ ನಲ್ಲಿ ನೀರು ಕೇಳಿದರೆ ಪುಕ್ಕಟೆ ಕೊಡಬೇಕೆಂಬುದು ಕಾನೂನು. ಜರ್ಮನಿಯಲ್ಲಿ ನೀರಿಗೂ ಬಿಲ್ಲು. ಫ್ರಾನ್ಸಿನಲ್ಲಿ ಸೇವೆ ಬೆಲೆಯೊಳಗೇ ಸೇರಿದೆ. ಜರ್ಮನಿಯಲ್ಲಿ ಶೇ 5ರಿಂದ 10ರಷ್ಟು ಟಿಪ್ಸ್ ರೂಢಿ. ಜರ್ಮನಿಯಲ್ಲಿ ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿ, ಕ್ಯಾನುಗಳ ಮೇಲೆ ತಲಾ 25 ಸೆಂಟ್ ‘ಪ್ಫಾಂಡ್’, ಅಂದರೆ ವಾಪಸಾಗುವ ಠೇವಣಿ, ಸೇರಿಸುತ್ತಾರೆ. ಖಾಲಿ ಬಾಟಲಿಯನ್ನು ಸೂಪರ್‌ಮಾರ್ಕೆಟ್ಟಿನ ಗೋಡೆಯಲ್ಲಿರುವ ಯಂತ್ರದ ಬಾಯಿಗೆ ತುರುಕಿದರೆ ಚೀಟಿ ಬರುತ್ತದೆ, ಕೌಂಟರಿನಲ್ಲಿ ಅದು ಹಣ. ಬ್ರೈಸಾಖ್‌ನಲ್ಲಿ ಕೊಂಡ ಆರು ನೀರಿನ ಬಾಟಲಿಗಳು ಕೋಲ್ಮಾರ್‌ನ ಕೋಣೆಯಲ್ಲಿ ಖಾಲಿಯಾದಾಗ ಅವುಗಳ ಒಂದೂವರೆ ಯೂರೊ ಕಸದ ಬುಟ್ಟಿ ಸೇರಿತು. ಫ್ರಾನ್ಸಿನಲ್ಲಿ ಆ ಯಂತ್ರವಿಲ್ಲ. ಭಾನುವಾರ ಎರಡೂ ದಡಗಳಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ದಿನಸಿ ತಂದಿಟ್ಟುಕೊಳ್ಳಬೇಕು.

ಸ್ವಿಟ್ಜರ್‌ಲೆಂಡ್ ಬೇರೆಯದೇ ಲೆಕ್ಕ. ಅದು ಷೆಂಗೆನ್‌ನಲ್ಲಿದ್ದರೂ ಐರೋಪ್ಯ ಒಕ್ಕೂಟದ ಸುಂಕ ವಲಯದಲ್ಲಿಲ್ಲ. ಅಲ್ಲಿನ ಹೆದ್ದಾರಿಗೆ ಇಳಿಯಲು 40 ಫ್ರಾಂಕಿನ ‘ವಿನ್ಯೆಟ್’, ಅಂದರೆ ರಸ್ತೆ ಶುಲ್ಕದ ಚೀಟಿ, ಬೇಕು. ಒಂದು ದಿನದ್ದು, ಒಂದು ವಾರದ್ದು ಎಂಬುದಿಲ್ಲ, ಹತ್ತು ನಿಮಿಷಕ್ಕೂ ವರ್ಷದ ಬೆಲೆಯೇ. ಇಲ್ಲದೆ ಸಿಕ್ಕಿಬಿದ್ದರೆ 200 ಫ್ರಾಂಕ್ ದಂಡ, ಮೇಲೆ ವಿನ್ಯೆಟ್ಟಿನ ಬೆಲೆ. ಕಾರಿನಲ್ಲಿ ವೈನ್ ಇದ್ದರೆ ತಲಾ 5 ಲೀಟರ್‌ವರೆಗೆ ಸುಂಕವಿಲ್ಲ. ಒಟ್ಟು ಸಾಮಾನಿನ ತೆರಿಗೆರಹಿತ ಬೆಲೆಯ ಮಿತಿಯನ್ನು 2025ರ ಜನವರಿಯಿಂದ 300ರಿಂದ 150 ಫ್ರಾಂಕಿಗೆ ಇಳಿಸಲಾಗಿದೆ. ಬಾಸೆಲ್ ಒಂದೇ ದಿನದ ಮಾತಾದರೆ ಇದ್ಯಾವುದೂ ಬೇಡ. ಫ್ರಾನ್ಸಿನ ಸ್ಯಾಂ ಲೂಯಿ ನಿಲ್ದಾಣದ ಬಳಿ ಕಾರು ಬಿಟ್ಟರೆ 3ನೇ ನಂಬರಿನ ಟ್ರಾಮ್, ಜರ್ಮನಿಯ ವೈಲ್ ಆಮ್ ರೈನ್‌ನಲ್ಲಿ ಬಿಟ್ಟರೆ 8ನೇ ನಂಬರಿನದು ನೇರ ಬಾಸೆಲ್ ನಡುಮಧ್ಯಕ್ಕೆ ಒಯ್ಯುತ್ತದೆ. ಊಟವನ್ನು ಗಡಿಯ ಈಚೆ ಮುಗಿಸಿ ಟ್ರಾಮ್ ಹತ್ತಿದರೆ ಜೇಬಿಗೆ ಇನ್ನೂ ಕ್ಷೇಮ.

ಯೂರೊ ತುಂಬಿದ ಫಾರೆಕ್ಸ್ ಕಾರ್ಡನ್ನು ಬಾಸೆಲ್‌ನಲ್ಲಿ ಉಜ್ಜಿದರೆ ಯೂರೊ ಮತ್ತೆ ಫ್ರಾಂಕ್ ಆಗುತ್ತದೆ, ಆ ಬದಲಾವಣೆಗೆ ಪ್ರತ್ಯೇಕ ಶುಲ್ಕವಿದೆ. ಭಾರತದ ಅನೇಕ ಕ್ರೆಡಿಟ್ ಕಾರ್ಡುಗಳು ವಿದೇಶದ ಖರ್ಚಿಗೆ ಶೇ 3.5 ಮಾರ್ಕಪ್ ಹಾಕುತ್ತವೆ, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ ಶೇ 4.13 ಆಗುತ್ತದೆ. ಸಾವಿರ ಯೂರೊಗೆ 41 ಯೂರೊ, ಅಂದರೆ ಆ ರೀಸ್ಲಿಂಗ್ ಬಾಟಲಿಗಳಲ್ಲಿ ಹೆಚ್ಚುಕಮ್ಮಿ ನಾಲ್ಕು. ಮಾರ್ಕಪ್ ಇಲ್ಲದ ಕಾರ್ಡುಗಳೂ ಇವೆ, ಹೊರಡುವ ತಿಂಗಳ ಮೊದಲೇ ಮಾಡಿಸಬೇಕು. ಇನ್ನೊಂದು ಬಲೆ ಅಂಗಡಿಯ ಯಂತ್ರದ ಪರದೆಯಲ್ಲೇ ಇರುತ್ತದೆ: ರೂಪಾಯಿಯಲ್ಲಿ ಪಾವತಿಸುವಿರಾ, ಯೂರೊದಲ್ಲೋ? ರೂಪಾಯಿ ಒತ್ತಿದರೆ ವಿನಿಮಯ ದರವನ್ನು ನಿರ್ಧರಿಸುವುದು ಯಂತ್ರದ ಹಿಂದಿರುವ ಸಂಸ್ಥೆ. ಮನೆಯ ನಾಣ್ಯ ಕಂಡ ಖುಷಿಗೆ ಬೆರಳು ಅತ್ತಲೇ ಹೋಗುತ್ತದೆ. ಒತ್ತಬೇಕಾದದ್ದು ಯೂರೊ.

ಪ್ರವಾಸಿಗರಿಗೆ ಮೌಲ್ಯವರ್ಧಿತ ತೆರಿಗೆ ವಾಪಸು ಪಡೆಯುವ ಹಕ್ಕಿದೆ. ಫ್ರಾನ್ಸಿನಲ್ಲಿ ಒಂದೇ ಮಾರಾಟಗಾರರಲ್ಲಿ 100 ಯೂರೊ ಮೀರಿದ ಖರೀದಿ ಇರಬೇಕು, ಜರ್ಮನಿಯಲ್ಲಿ 50 ಮೀರಿದರೆ ಸಾಕು. ಕಾಗದಕ್ಕೆ ಮುದ್ರೆ ಬೀಳುವುದು ಒಕ್ಕೂಟದಿಂದ ಹೊರಬೀಳುವ ಕಡೆಯ ಗಡಿಯಲ್ಲಿ; ಫ್ರಾನ್ಸಿನಿಂದ ಜರ್ಮನಿಗೆ ದಾಟುವುದು ಲೆಕ್ಕಕ್ಕಿಲ್ಲ. ಬಾಸೆಲ್‌ನವರು ವಾರದ ಸಾಮಾನಿಗೆ ಜರ್ಮನಿಗೆ ಬಂದು, ಹಸಿರು ಚೀಟಿ ಹಿಡಿದು ಸುಂಕದ ಕಟ್ಟೆಯಲ್ಲಿ ಸಾಲು ನಿಲ್ಲುವುದು ಈ ತೆರಿಗೆಗಾಗಿಯೇ. ಬೆಳೆಗಾರರ ಮನೆಯಲ್ಲಿ ನಾಲ್ಕು ಬಾಟಲಿ ಕೊಳ್ಳುವವರಿಗೆ ಇದರಿಂದ ಪ್ರಯೋಜನವಿಲ್ಲ.

ನಾಲ್ಕೇ ಬಾಟಲಿ ಏಕೆಂದರೆ ಭಾರತದ ನಿಯಮ ಹಾಗಿದೆ. ಮರಳುವ ವಯಸ್ಕರು ತಲಾ 2 ಲೀಟರ್ ಮದ್ಯವನ್ನು ಸುಂಕವಿಲ್ಲದೆ ತರಬಹುದು, ಒಬ್ಬರ ಪಾಲಿಗೆ ಇನ್ನೊಬ್ಬರ ಪಾಲನ್ನು ಕೂಡಿಸುವಂತಿಲ್ಲ. 750 ಮಿ.ಲೀ.ಯ ಎರಡು ಬಾಟಲಿಗೆ ಒಂದೂವರೆ ಲೀಟರ್ ಆಗುತ್ತದೆ, ಮೂರನೆಯದು ಮಿತಿ ಮೀರುತ್ತದೆ. ಉಳಿದ ಅರ್ಧ ಲೀಟರಿನ ಜಾಗಕ್ಕೆ ತಡವಾಗಿ ಕೊಯ್ದ ದ್ರಾಕ್ಷಿಯ ಸಿಹಿ ವೈನಿನ 375 ಮಿ.ಲೀ. ಪುಟ್ಟ ಬಾಟಲಿ ಸರಿಹೊಂದುತ್ತದೆ. ಅಲ್ಸಾಸ್‌ನ ಬಾಟಲಿ ಕೊಳಲಿನಂತೆ ಉದ್ದ, ಸೂಟ್‌ಕೇಸಿನಲ್ಲಿ ಕರ್ಣರೇಖೆಯಲ್ಲಿ ಮಲಗಿಸಿ ಸ್ವೆಟರ್ ಸುತ್ತಬೇಕಾಗುತ್ತದೆ. ತುಂಬಿದ ಒಂದೊಂದೂ ಒಂದು ಕಿಲೊಗಿಂತ ಭಾರ.

ಮನೆ ಸೇರಿದ ಮೇಲೂ ಲೆಕ್ಕ ಮುಗಿದಿರುವುದಿಲ್ಲ. ಫ್ರಾನ್ಸಿನ ಹಳ್ಳಿರಸ್ತೆಗಳಲ್ಲಿ ವೇಗಮಿತಿ 80, ಊರೊಳಗೆ 50. ಕ್ಯಾಮೆರಾಗಳು ಅಲ್ಲಲ್ಲಿ ಇವೆ. ಊರ ಹೊರಗೆ 20 ಕಿ.ಮೀ.ಗಿಂತ ಕಡಿಮೆ ಮೀರಿದರೆ ದಂಡ 68 ಯೂರೊ, ಬೇಗ ಕಟ್ಟಿದರೆ 45. ಊರೊಳಗೆ ಅದು 135 ಮತ್ತು 90. ಬಾಡಿಗೆ ಕಂಪನಿ ಚಾಲಕರ ವಿಳಾಸವನ್ನು ಅಧಿಕಾರಿಗಳಿಗೆ ಕೊಟ್ಟು, ಕೊಟ್ಟದ್ದಕ್ಕೆ ತನ್ನ ಶುಲ್ಕವನ್ನು ಕಾರ್ಡಿನಿಂದಲೇ ಮುರಿದುಕೊಳ್ಳುತ್ತದೆ. ಅದು ದಂಡವಲ್ಲ, ದಂಡ ಬೇರೆಯೇ ಬರುತ್ತದೆ. ಅಂಕಣಕಾರನ ಖಾತೆಯಲ್ಲಿ ಮೂರು ವಾರದ ನಂತರ ಅಂಥ 30 ಯೂರೊ ಕಾಣಿಸಿಕೊಂಡಿತು, ದಂಡದ ಪತ್ರ ಅದರ ಮುಂದಿನ ತಿಂಗಳು ಅಂಚೆಯಲ್ಲಿ ಬಂತು. ಆ ದಿನ ಓಡಿಸುತ್ತಿದ್ದವರು ಯಾರೆಂಬುದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.